ಮುಂದಿನ ಸೀಟಿನಲ್ಲಿ ತಂಗಿ

೧೯೯೪ರ ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಗ್ಗೆ ಆರೂವರೆ. ಅಡಿಲೇಡಿನ ದಕ್ಷಿಣದ ಬಡಾವಣೆಯೊಂದರಲ್ಲಿ ನನ್ನ ತಂಗಿಯ ಮನೆಯ ಮುಂದಿನ ಅಂಗಳ. ಹಾಜರಿದ್ದವರು ಮೂವರು: ನಾನು, ತಂಗಿ, ತಂಗಿಯ ಗಂಡ. ಮೂವರದ್ದೂ ಸ್ನಾನ, ತಿಂಡಿ ಮುಗಿದಿತ್ತು. ಬುತ್ತಿಯ ಡಬ್ಬಿಗಳು, ಕಾಫಿಯ ಫ್ಲಾಸ್ಕು ಕಾರಿನ ಡಿಕ್ಕಿಯಲ್ಲಿದ್ದವು. ಆರೂವರೆಗೆ ಹೊರಡುವುದೆಂದು ಹಿಂದಿನ ರಾತ್ರಿ ನಿಶ್ಚಯವಾಗಿತ್ತು, ಆರೂವರೆಗೇ ಹೊರಟೆವು. ಆ ದಿನ ಸರಿಯಾಗಿ ನಡೆದದ್ದು ಅದೊಂದೇ.

ನಾನು ಮೈಸೂರಿನ ಸರ್ಕಾರಿ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾರ ಕೈಯಲ್ಲಿ ಹೊರಡಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸವಾಗಿತ್ತು. ಬೆಳಗಿನ ಜಾವ ಕಿಟಕಿಯ ಮುಂದೆ ಬಂದ ಚಾಲಕನ ಮುಖ ನೋಡದೆ ನಾನು ಕೀ ಕೊಟ್ಟವನಲ್ಲ. ಕಣ್ಣು ಕೆಂಪಾಗಿದ್ದರೆ, ಕೈ ನಡುಗುತ್ತಿದ್ದರೆ, ಅವನು ಯಾರ ಕಡೆಯವನೇ ಇರಲಿ, ಆ ದಿನ ಮನೆಗೆ. ನನ್ನನ್ನು ಬೈಯದ ಚಾಲಕ ಆ ಡಿಪೋದಲ್ಲಿ ಇರಲಿಲ್ಲ. ಪ್ರಯಾಣಿಕರ ಜೀವ ಮಾತ್ರ ಕ್ಷೇಮವಾಗಿತ್ತು. ಆ ವರ್ಷ ಪರ್ತ್‌ನ ಜೂಂಡಲಪ್‌ನಲ್ಲಿದ್ದ ಮಗಳ ಮನೆಗೆ ಬಂದಿದ್ದೆ. ಇಷ್ಟು ದೂರ ಬಂದು ತಂಗಿಯನ್ನು ನೋಡದೆ ಹೋಗುವುದೇ ಎಂದು ಒಂದು ವಾರಕ್ಕೆ ಅಡಿಲೇಡಿಗೆ ಹೋಗಿದ್ದೆ.

ತಂಗಿಯ ಗಂಡನನ್ನು ನಮ್ಮ ತಂದೆ ‘ಅಳಿಯಂದಿರು’ ಎಂದೇ ಕರೆಯುತ್ತಿದ್ದರು. ಅದೇ ಮನೆಮಂದಿಗೆಲ್ಲ ರೂಢಿಯಾಯಿತು. ಮದುವೆಯ ದಿನ ಧಾರೆ ಮುಗಿದ ಮೇಲೆ ತಂದೆ ನನ್ನನ್ನು ಪಕ್ಕಕ್ಕೆ ಕರೆದು, “ಇನ್ನು ಮೇಲೆ ನಾವು ಹೆಣ್ಣು ಕೊಟ್ಟವರು. ಅಳಿಯಂದಿರ ಎದುರು ದನಿ ಎತ್ತಬಾರದು. ಅವರಲ್ಲಿ ತಪ್ಪು ಕಂಡರೆ ನಮ್ಮ ಕಣ್ಣೇ ಸರಿಯಿಲ್ಲ ಅಂದುಕೋ” ಎಂದಿದ್ದರು. ನಾನು ಶಿಸ್ತಿನ ಮನುಷ್ಯ. ಹೇಳಿದ್ದನ್ನು ಪಾಲಿಸಿಕೊಂಡು ಬಂದೆ.

ಕಾರಿನ ಮುಂದಿನ ಬಾಗಿಲಿಗೆ ಕೈ ಹಾಕಿದವನನ್ನು ತಂಗಿ ತಡೆದಳು.

“ಅಣ್ಣ, ನೀನು ಹಿಂದೆ ಕೂತ್ಕೋ. ಕಾಲು ಚಾಚ್ಕೊಂಡು ಆರಾಮಾಗಿ ಬಾ.”

“ನನ್ನ ಕಾಲಿಗೇನಾಗಿದೆ?”

“ನಂಗೆ ಹಿಂದೆ ಕೂತ್ರೆ ವಾಂತಿ ಬರತ್ತೆ ಕಣಣ್ಣ.”

ಇವಳು ಹುಡುಗಿಯಾಗಿದ್ದಾಗ ಮಡಿಕೇರಿಯ ತಿರುವುಗಳಲ್ಲಿ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಕಡಲೆಕಾಯಿ ತಿಂದುಕೊಂಡು ಬಂದವಳು. ತವರಿನಿಂದ ಬಂದ ಅಣ್ಣನನ್ನು ಮುಂದೆ ಕೂರಿಸುವುದು ನಮ್ಮಲ್ಲಿ ಕೇಳಿ ಹೇಳಿ ಮಾಡುವ ಮಾತಲ್ಲ, ತಾನಾಗಿ ನಡೆಯುವ ಮರ್ಯಾದೆ. ನಾನು ಹಿಂದೆ ಕೂತೆ. ಅಲ್ಲಿಂದಲೇ ನನಗೆ ಸಿಟ್ಟು ಶುರುವಾಗಿತ್ತು.

ಅಳಿಯಂದಿರು ಮಾತ್ರ ಬಹಳ ಹುರುಪಿನಲ್ಲಿದ್ದರು. “ಭಾವ, ಇವತ್ತು ನಿಮಗೆ ಇಂಗ್ಲೆಂಡ್ ತೋರಿಸ್ತೀನಿ, ವಿಮಾನದ ಟಿಕೆಟ್ ಇಲ್ದೆ! ಗಲಾಟೆ ಇರೋ ಬೀಚ್ ಅಲ್ಲ ಮತ್ತೆ. ಸಣ್ಣ ಸಣ್ಣ ಊರು. ಇಲ್ಲಿಗೆ ಬಂದ ಇಂಗ್ಲಿಷರಿಗೆ ಅವರ ಸಮುದ್ರದ ಊರುಗಳು ನೆನಪಾಗಿ ಅಳು ಬಂತಂತೆ. ಅತ್ಕೊಂಡೇ ಅದೇ ಥರ ಕಟ್ಟಿದಾರೆ.”

“ಮುಂದೆ ದೀಪ ಕೆಂಪಾಯ್ತು ನೋಡಣ್ಣ” ಎಂದಳು ತಂಗಿ.

ನಾನು ಕೆಂಪು ದೀಪ ನೋಡದವನೇ? ಸುಮ್ಮನಿದ್ದೆ. ಆದರೆ ಅವಳು ಸುಮ್ಮನಿರಲಿಲ್ಲ. “ಎಡಗಡೆ ಪಾಪ ಒಬ್ಬಳು ಮಗು ಗಾಡಿ ತಳ್ಕೊಂಡು ದಾಟ್ತಿದಾಳೆ... ದಾಟಿದ್ಲು. ರೌಂಡಬೌಟ್ ಬಂತು, ಬಲಗಡೆಯಿಂದ ಬಿಳೀ ಕಾರು, ಎಷ್ಟು ಜೋರಾಗಿ ಬರ್ತಾನೆ... ಹಾಂ, ಹೋದ. ಅಲ್ಲಿ ಸೈಕಲ್ಲಿನವನು ನೋಡು, ಪಕ್ಕದಲ್ಲೇ ಇದಾನೆ.” ಊರು ಬಿಟ್ಟು ಗುಡ್ಡದ ರಸ್ತೆಗೆ ಬಂದ ಮೇಲೂ ಹೀಗೇ. ವಯಸ್ಸಾದಂತೆ ಇವಳಿಗೆ ನಾಲಿಗೆ ಸಡಿಲವಾಯಿತೇ ಎಂದುಕೊಂಡೆ. ಪರದೇಶದಲ್ಲಿ ಕನ್ನಡ ಮಾತಾಡಲು ಜನ ಸಿಗದೆ ಹೀಗಾಗಿರಬೇಕು ಎಂದೂ ಸಮಾಧಾನ ಮಾಡಿಕೊಂಡೆ.

ಗುಡ್ಡದ ನೆತ್ತಿಯಲ್ಲಿ ಅವಳಿಗೆ ಸೀನು ಬಂತು. ಒಂದರ ಹಿಂದೆ ಒಂದು ನಾಲ್ಕಾರು ಸೀನು. ಕರವಸ್ತ್ರಕ್ಕಾಗಿ ಬಗ್ಗಿ ಚೀಲ ತಡಕಿದಳು. ಅವಳ ಮಾತು ನಿಂತಿತು. ಮಾತು ನಿಂತ ಕೂಡಲೇ ಕಾರಿನ ವೇಗ ಇಳಿಯಿತು. ನಡುರಸ್ತೆಯಲ್ಲಿ, ಮುಂದೆ ಯಾರೂ ಇಲ್ಲದಿದ್ದರೂ, ಎತ್ತಿನಗಾಡಿಯ ಹಾಗೆ ಹೋಗತೊಡಗಿತು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಅವಳು ಮೂಗು ಒರೆಸಿಕೊಂಡು, “ದಾರಿ ಖಾಲಿ ಇದೆ, ಎಷ್ಟು ಚೆನ್ನಾಗಿದೆ!” ಎಂದಳು. ಕಾರು ಮತ್ತೆ ಓಡಿತು.

ನನ್ನ ಕೈ ತಾನಾಗಿ ಮುಂದಿನ ಸೀಟಿನ ಬೆನ್ನನ್ನು ಹಿಡಿದುಕೊಂಡಿತು. ಆಮೇಲೆ ನಾನು ಸಮುದ್ರ ನೋಡಲಿಲ್ಲ, ಗುಡ್ಡ ನೋಡಲಿಲ್ಲ, ಆ ಮನುಷ್ಯನ ಕತ್ತನ್ನೇ ನೋಡುತ್ತ ಬಂದೆ. ಪಕ್ಕದಿಂದ ಏನು ಬಂದರೂ ಕತ್ತು ಅತ್ತ ತಿರುಗುತ್ತಿರಲಿಲ್ಲ. ತಂಗಿಯ ಮಾತು ಬಂದರೆ ಮಾತ್ರ ತಿರುಗುತ್ತಿತ್ತು. ಅವಳು ಹರಟುತ್ತಿರಲಿಲ್ಲ. ಅವಳು ಕಾರು ಓಡಿಸುತ್ತಿದ್ದಳು, ಬಾಯಿಯಿಂದ.

ವಿಕ್ಟರ್ ಹಾರ್ಬರ್ ಎಂಬ ಊರು ತಲುಪಿದಾಗ ಒಂಬತ್ತು ಗಂಟೆ ದಾಟಿತ್ತು. ಸಮುದ್ರದ ಅಂಚಿಗೆ ಸಾಲಾಗಿ ಎತ್ತರದ ಪೈನ್ ಮರಗಳು, ಅವುಗಳ ಕೆಳಗೆ ಬಣ್ಣ ಬಳಿದ ಬೆಂಚುಗಳು, ಬೆಂಚಿನ ಮೇಲೆ ಟೋಪಿ ಹಾಕಿದ ಮುದುಕ ಮುದುಕಿಯರು. ಎದುರಿನ ಪುಟ್ಟ ದ್ವೀಪಕ್ಕೆ ಮರದ ಸೇತುವೆಯ ಮೇಲೆ ಒಂದು ಟ್ರಾಮು, ಅದನ್ನು ಎಳೆಯುವುದಕ್ಕೆ ಒಂದು ದೊಡ್ಡ ಕುದುರೆ. ಬೇರೆ ದಿನವಾಗಿದ್ದರೆ ನನಗೆ ಇಷ್ಟವಾಗುತ್ತಿತ್ತು, ಏಕೆಂದರೆ ಆ ಕುದುರೆ ಹೊತ್ತಿಗೆ ಸರಿಯಾಗಿ ಹೊರಡುತ್ತಿತ್ತು. ಅಳಿಯಂದಿರು ಕೈ ಚಾಚಿ, “ನೋಡಿ ಭಾವ, ಇಂಗ್ಲೆಂಡಿನಲ್ಲೂ ಹೀಗೇ ಅಂತೆ” ಎಂದರು. ಅವರು ಕೈ ಚಾಚಿದ ಕಡೆ ಟ್ರಾಮು ಇರಲಿಲ್ಲ. ಅದು ಆಗಲೇ ಅವರ ಬಲಗಡೆ ಹಾದು ಹೋಗಿತ್ತು.

ಅವರು ಶೌಚಾಲಯಕ್ಕೆ ಹೋದಾಗ ತಂಗಿಯನ್ನು ಹಿಡಿದು ನಿಲ್ಲಿಸಿದೆ.

“ಅವರಿಗೆ ಕಣ್ಣು ಕಾಣಲ್ಲ.”

“ಮೆಲ್ಲಗೆ! ಯಾಕೆ ಕಾಣಲ್ಲ? ಎದುರಿಗಿರೋದೆಲ್ಲ ಕಾಣತ್ತೆ. ಪಕ್ಕದ್ದು ಸ್ವಲ್ಪ ಕಮ್ಮಿ.”

“ರಸ್ತೇಲಿ ಸಾಯೋರೆಲ್ಲ ಪಕ್ಕದಿಂದಲೇ ಬರೋದು. ಡಾಕ್ಟರು ಏನಂದ್ರು?”

“ಡ್ರೈವಿಂಗ್ ಬಿಡಿ ಅಂದ್ರು. ಇವರು ಆ ಡಾಕ್ಟರನ್ನೇ ಬಿಟ್ರು.”

ನಗು ಬರುವ ಮಾತೇ. ನನಗೆ ಬರಲಿಲ್ಲ. ಬ್ರಿಸ್ಬೇನಿನಲ್ಲಿರುವ ಅವರ ಮಗಳಿಗೆ ಗೊತ್ತೇ ಎಂದು ಕೇಳಿದೆ. “ಪೂರ್ತಿ ಹೇಳಿಲ್ಲ. ಒಂದ್ಸಲ ಸುಮ್ನೆ ವಿಷಯ ಎತ್ತಿದ್ದಕ್ಕೆ ‘ಮಮ್, ಜಸ್ಟ್ ಟೆಲ್ ಹಿಮ್’ ಅಂದ್ಲು. ಇಂಗ್ಲಿಷಿನಲ್ಲಿ ಎಲ್ಲಾ ಸುಲಭ” ಎಂದಳು. ಆಮೇಲೆ ನನ್ನ ತೋಳು ಹಿಡಿದುಕೊಂಡು, “ನೀನೇನೂ ಅನ್ನಬೇಡ ಅಣ್ಣ. ನೀವು ಹೆಣ್ಣು ಕೊಟ್ಟೋರು. ನಿನ್ನ ಬಾಯಿಂದ ಈ ಮಾತು ಬಂದ್ರೆ ಇವರು ತಡ್ಕೊಳ್ಳಲ್ಲ. ಕಾರಿಲ್ದೆ ಈ ಊರಲ್ಲಿ ಇವರು ಏನು ಮಾಡ್ತಾರೆ ಹೇಳು” ಎಂದಳು.

“ನೀನು ಯಾಕೆ ಓಡಿಸೋದು ಕಲೀಲಿಲ್ಲ?”

“ಇವರು ಬೇಡ ಅಂದ್ರು. ‘ನಾನಿಲ್ವಾ’ ಅಂದ್ರು.”

ಅಳಿಯಂದಿರು ವಾಪಸು ಬರುತ್ತಿದ್ದರು. ಬಾಯಿ ಮುಚ್ಚಿಕೊಂಡೆ. ಒಂದು ಉಪಾಯ ಹೊಳೆಯಿತು. ಅಲ್ಲಿಂದ ಮುಂದಿನ ಊರುಗಳಿಗೆ ಸಮುದ್ರದ ಪಕ್ಕದಲ್ಲೇ ಹಳೆಯ ಉಗಿಬಂಡಿ ಓಡುತ್ತದೆ ಎಂದು ಫಲಕ ಇತ್ತು. “ಇಂಗ್ಲೆಂಡ್ ನೋಡೋದಾದ್ರೆ ರೈಲಿನಲ್ಲೇ ನೋಡೋಣ. ಕಾರು ಇಲ್ಲಿರಲಿ” ಎಂದೆ.

“ಏನು ಭಾವ, ಜೀವಮಾನ ಎಲ್ಲ ಬಸ್ಸಿನ ಉಪ್ಪು ತಿಂದು ರೈಲು ಹತ್ತೀನಿ ಅಂತೀರಲ್ಲ! ಡಿಪೋದೋರು ಕೇಳಿದ್ರೆ ಪೆನ್ಷನ್ ನಿಲ್ಲಿಸ್ತಾರೆ” ಎಂದು ನಕ್ಕು, ಕಾರಿನ ಬಾಗಿಲು ತೆಗೆದರು.

ಮಧ್ಯಾಹ್ನದ ಊಟ ಪೋರ್ಟ್ ಎಲಿಯಟ್‌ನಲ್ಲಿ, ಲಾಳದ ಆಕಾರದ ಒಂದು ಕೊಲ್ಲಿಯ ಮೇಲಿನ ಹುಲ್ಲಿನಲ್ಲಿ. ಪುಳಿಯೋಗರೆ, ಚಪಾತಿ, ಪಲ್ಯ. ಮೊಸರನ್ನದ ಡಬ್ಬಿಯನ್ನು ಸಂಜೆಗೆಂದು ತೆಗೆಯಲಿಲ್ಲ. ಕಲ್ಲಿನ ಮನೆಗಳು, ತಗ್ಗು ಬೇಲಿ, ಬೇಲಿಯ ಮೇಲೆ ಗುಲಾಬಿ. ದಾರಿಯಲ್ಲಿ ಒಂದು ಹಸಿರು ಅಂಗಳದಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ತೊಟ್ಟ ಹಿರಿಯರು ಕಪ್ಪು ಚೆಂಡುಗಳನ್ನು ಮೆಲ್ಲಗೆ ಉರುಳಿಸಿ ಆಡುತ್ತಿದ್ದರು. ಎಲ್ಲ ಶಾಂತ.

ಅಳಿಯಂದಿರು ಊಟ ಮಾಡುತ್ತ ಹಳೆಯದನ್ನೆಲ್ಲ ಹೇಳಿದರು. ಇಲ್ಲಿನ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದ್ದು, ಮೊದಲು ಕೊಂಡದ್ದು ಮಂಚವಲ್ಲ, ಕಾರು. ಆಮೇಲೆ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಯಾವ ಹೊಸ ಸಂಸಾರ ಬಂದಿಳಿದರೂ ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದವರು ಇವರೇ. “ಅಂಕಲ್ ಬರ್ತಾರೆ ಅಂತ ಫೋನಿನಲ್ಲೇ ಹೇಳಿಬಿಡೋರು ಭಾವ. ಈಗ್ಲೂ ಹೇಳ್ತಾರೆ. ಮುಂದಿನ ವಾರ ಒಂದು ಸಂಸಾರ ಬರ್ತಿದೆ, ಎರಡು ಪುಟ್ಟ ಮಕ್ಕಳು.”

ನಾನು ತಟ್ಟೆ ಕೆಳಗಿಟ್ಟೆ. ತಂಗಿಯನ್ನು ನೋಡಿದೆ. ಅವಳು ತಟ್ಟೆ ನೋಡುತ್ತಿದ್ದಳು.

ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಅವಳಿಗೆ ಹೇಳಿದೆ. “ಎರಡು ಮಕ್ಕಳಂತೆ. ಕೇಳಿಸ್ಕೊಂಡೆಯಾ? ಅವರು ಓಡಿಸ್ತಿರೋದು ಕಣ್ಣಿಂದಲ್ಲ, ನಿನ್ನ ಬಾಯಿಂದ. ನೀನು ಬಾಯಿ ಮುಚ್ಚು, ಅವರು ತಾವಾಗೇ ನಿಲ್ಲಿಸ್ತಾರೆ.”

“ಆಯ್ತು” ಎಂದಳು. ಅವಳ ಮುಖ ಕೆಂಪಾಗಿತ್ತು. “ನೀನು ಕಂಟ್ರೋಲರ್ರು. ಆಯ್ತು, ಮುಚ್ತೀನಿ.”

ಹಟಮಾರಿ. ಚಿಕ್ಕಂದಿನಿಂದಲೂ ಹಾಗೆ. ಕಾರಿನಲ್ಲಿ ಕುಳಿತವಳು ಕಲ್ಲಿನ ಹಾಗೆ ಕುಳಿತಳು. ಒಂದು ಮಾತಿಲ್ಲ. ಕಾರು ಮೆಲ್ಲಗಾಯಿತು. ನಾನು ಕಾದೆ. ಈಗ ನಿಲ್ಲಿಸುತ್ತಾರೆ, ಈಗ ಬದಿಗೆ ಹಾಕುತ್ತಾರೆ ಎಂದು ಕಾದೆ. “ಯಾಕೆ, ನಿದ್ದೆ ಬಂತಾ?” ಎಂದು ಅವಳನ್ನು ಕೇಳಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅವರ ಕತ್ತಿನ ಮೇಲೆ ಬೆವರು ಕಾಣಿಸಿತು. ಆದರೆ ಆ ಮನುಷ್ಯ ನಿಲ್ಲಿಸಲಿಲ್ಲ. ಯಾವ ಚಾಲಕನೂ ತಾನಾಗಿ ಬಸ್ಸಿನಿಂದ ಇಳಿದದ್ದನ್ನು ನಾನು ನನ್ನ ಕೆಲಸದಲ್ಲಿ ಕಂಡಿರಲಿಲ್ಲ. ತಂಗಿಯ ಗಂಡನಲ್ಲಿ ಕಾಣುತ್ತೇನೆಂದು ಏಕೆ ಅಂದುಕೊಂಡೆನೋ!

ಗೂಲ್ವಾ ಎಂಬ ಊರಿನಲ್ಲಿ ಒಂದು ದೊಡ್ಡ ನದಿ ಸಮುದ್ರ ಸೇರುವ ಮೊದಲು ಅಗಲವಾಗಿ ನಿಂತಿದೆ. ಅದನ್ನು ದಾಟಿ ಆಚೆಯ ದ್ವೀಪಕ್ಕೆ ಹೋಗಲು ಆಗ ಸೇತುವೆ ಇರಲಿಲ್ಲ. ಉಕ್ಕಿನ ಹಗ್ಗ ಹಿಡಿದು ಸಾಗುವ ಒಂದು ಚಪ್ಪಟೆ ದೋಣಿ ಕಾರುಗಳನ್ನು ಹೊತ್ತು ದಾಟಿಸುತ್ತಿತ್ತು. ದೋಣಿಗೆ ಇಳಿಯುವ ಇಳಿಜಾರಿನಲ್ಲಿ ನಮ್ಮ ಮುಂದಿನ ಕಾರು ಹೋಯಿತು. ನಮ್ಮದೂ ಇಳಿಯತೊಡಗಿತು. ಆಗ ಎಡಬದಿಯ ಕಟ್ಟೆಯಿಂದ ಒಬ್ಬ ಬಿಳಿಯ ಮುದುಕ, ಒಂದು ಕೈಯಲ್ಲಿ ಗಾಳದ ಕೋಲು, ಇನ್ನೊಂದರಲ್ಲಿ ಬಕೆಟ್ಟು, ರಸ್ತೆಗೆ ಕಾಲಿಟ್ಟ.

ನಾನು ತಂಗಿಯ ಬಾಯಿಗಾಗಿ ಕಾದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವಳೂ ನೋಡಿರಲಿಲ್ಲ.

“ನಿಲ್ಸೋ!”

ಡಿಪೋದ ಅಂಗಳದ ಆ ತುದಿಗೆ ಕೇಳುವಂತೆ ಕೂಗುತ್ತಿದ್ದ ದನಿ ಅದು. ನಿವೃತ್ತನಾದ ಮೇಲೆ ಹೊರಬಂದಿರಲಿಲ್ಲ. ಕಾರು ಕಿರುಚಿ ನಿಂತಿತು. ‘ಢಣ್’ ಎಂದು ಸದ್ದಾಯಿತು. ಬಕೆಟ್ಟು. ಮುದುಕ ಒಂದು ಹೆಜ್ಜೆ ಹಿಂದೆ ಹಾರಿದ್ದ, ಕೋಲು ಕೈಯಲ್ಲೇ ಇತ್ತು, ಏನೂ ಆಗಿರಲಿಲ್ಲ. ಅವನ ಮೀನುಗಳೆಲ್ಲ ಡಾಂಬರಿನ ಮೇಲೆ ಬಿದ್ದು ಒದ್ದಾಡುತ್ತಿದ್ದವು.

“ಏನಾಯ್ತು? ಏನದು ಸದ್ದು?” ಎಂದರು ಅಳಿಯಂದಿರು. ಎರಡು ಕೈಗಳೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ. “ಯಾರದು? ಎಲ್ಲಿಂದ ಬಂದ?”

ನಾನು ಉತ್ತರ ಕೊಡುವ ಮೊದಲೇ ತಂಗಿ ಬಾಗಿಲು ತೆಗೆದು ಇಳಿದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಒಂದೊಂದೇ ಮೀನನ್ನು ಹಿಡಿದು ಬಕೆಟ್ಟಿಗೆ ಹಾಕತೊಡಗಿದಳು. ನಮ್ಮ ಮನೆಯಲ್ಲಿ ಮೀನಿನ ಬುಟ್ಟಿ ಬೀದಿಯಲ್ಲಿ ಹೋದರೆ ಅಜ್ಜಿ ಕಿಟಕಿ ಮುಚ್ಚುತ್ತಿದ್ದರು. ಆ ಮನೆಯ ಹುಡುಗಿ ಇವಳು. ಮೀನು ಕೈಯಿಂದ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದಳು. “ಸಾರಿ, ಸಾರಿ” ಎನ್ನುತ್ತಿದ್ದಳು. ಮುದುಕನಿಗೋ ಮೀನಿಗೋ ತಿಳಿಯಲಿಲ್ಲ. ಮುದುಕನೇ ಅವಳ ಬೆನ್ನು ತಟ್ಟಿ, “ನೋ ವರೀಸ್, ಲವ್” ಎಂದ. ಅವನಿಗೆ ಸಿಟ್ಟಿರಲಿಲ್ಲ. ಅವನ ಪಾಲಿನದೂ ಸೇರಿ ನನಗೆ ಬಂದಿತ್ತು.

ನಾನು ಸುತ್ತಿ ಬಂದು ಚಾಲಕನ ಬಾಗಿಲು ತೆಗೆದೆ.

“ಇಳೀರಿ.”

“ಭಾವ, ಆತ ಅಡ್ಡ ಬಂದ...”

“ಆತ ಸರಿಯಾಗೇ ಬಂದ. ನಿಮಗೆ ಕಾಣ್ಲಿಲ್ಲ. ಇಳೀರಿ, ಡ್ಯೂಟಿ ಮುಗೀತು.”

“ನೀವು ನನ್ನ ಗದರಿಸಿದ್ರಿ. ಇಷ್ಟು ಜನರ ಎದುರಿಗೆ.”

“ಹೌದು. ಇಳೀದೆ ಇದ್ರೆ ಇನ್ನೊಂದ್ಸಲ ಗದರಿಸ್ತೀನಿ.”

ಇಳಿದರು. ದೋಣಿಯವನು ತಾನೇ ಕುಳಿತು ಕಾರನ್ನು ಬದಿಯ ನಿಲುಗಡೆಗೆ ಹಾಕಿ ಕೀಯನ್ನು ಅವರ ಕೈಗೆ ಕೊಟ್ಟ. ಅಲ್ಲಿಂದ ಮನೆಗೆ ಹೋಗುವುದು ಹೇಗೆ? ತಂಗಿಗೆ ಕಾರು ಬರದು. ನನಗೂ ಬರದು. ಅಷ್ಟು ವರ್ಷ ಚಾಲಕರನ್ನು ಆಳಿದವನ ಹತ್ತಿರ ಲೈಸೆನ್ಸ್ ಇಲ್ಲ ಎಂದು ಡಿಪೋದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆದರೆ ಬಸ್ಸು ಹುಡುಕುವುದು ನನಗೆ ಗೊತ್ತು. ಸಂಜೆ ಅಡಿಲೇಡಿಗೆ ಒಂದು ಬಸ್ಸಿತ್ತು. ಅಲ್ಲಿಯವರೆಗೆ ಮೂವರೂ ನದಿಯ ದಡದ ಒಂದೇ ಬೆಂಚಿನಲ್ಲಿ ಮೂರು ದಿಕ್ಕು ನೋಡುತ್ತ ಕುಳಿತೆವು. ಕಾರಿನಿಂದ ಇಳಿಸಿಕೊಂಡಿದ್ದ ಬುತ್ತಿಯಿಂದ ಮೊಸರನ್ನದ ಡಬ್ಬಿ ತೆಗೆದು ಮುಂದಿಟ್ಟೆ. ಯಾರೂ ಮುಟ್ಟಲಿಲ್ಲ. ತಂಗಿ ನಲ್ಲಿಯಲ್ಲಿ ಕೈ ಉಜ್ಜಿ ಉಜ್ಜಿ ತೊಳೆದು ಬಂದು, “ಸಮಾಧಾನ ಆಯ್ತಾ ನಿಂಗೆ?” ಎಂದಳು.

“ಇಲ್ಲ” ಎಂದೆ. ಆಗಿರಲಿಲ್ಲ. ಅವಳು ಬಾಯಿ ಮುಚ್ಚಿದ್ದು ನನ್ನ ಮಾತಿಗೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಹೇಳಿದ್ದು ಸರಿಯೇ. ಬಾಯಿಯಿಂದ ಕಾರು ಓಡಿಸಬಾರದು.

ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಚಾಲಕ ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವನು, ಕಣ್ಣು ಸ್ವಚ್ಛ. ಅಭ್ಯಾಸಬಲದಿಂದ ನೋಡಿಯೇ ಹತ್ತಿದೆ. ಅಳಿಯಂದಿರು ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಕುಳಿತರು, ಪಕ್ಕದಲ್ಲಿ ತಂಗಿ, ಹಿಂದೆ ನಾನು. ಊರಿನ ಅಂಚು ದಾಟುತ್ತಿದ್ದಂತೆ ತಂಗಿಯ ದನಿ ಕೇಳಿಸಿತು. “ರೌಂಡಬೌಟ್ ಬಂತು. ಬಲಗಡೆಯಿಂದ ಕೆಂಪು ವ್ಯಾನು...”

“ಸಾಕು ಬಿಡೇ” ಎಂದರು ಅಳಿಯಂದಿರು. “ಇವನಿಗೆ ಕಣ್ಣಿದೆ.”

ಅವಳು ಸೆರಗು ಹೊದ್ದು ಸೀಟಿಗೆ ಒರಗಿದಳು.

ಮನೆ ಸೇರಿ ಕೈಕಾಲು ತೊಳೆದುಕೊಂಡೆವು. ತಂಗಿ ಅನ್ನ, ತಿಳಿಸಾರು ಮಾಡಿದಳು. ಊಟದ ನಡುವೆ ಬ್ರಿಸ್ಬೇನಿನಿಂದ ತಂಗಿಯ ಮಗಳ ಫೋನು. ಶನಿವಾರದ ರೂಢಿ. ಅಳಿಯಂದಿರೇ ಎತ್ತಿದರು.

“ಹಾಂ ಪುಟ್ಟ, ಟ್ರಿಪ್ ಫಸ್ಟ್ ಕ್ಲಾಸ್. ನಿಮ್ಮ ಮಾವನಿಗೆ ಇಂಗ್ಲೆಂಡ್ ತೋರಿಸ್ದೆ... ಕಾರಾ? ಕಾರು ಅಲ್ಲೇ ಬಿಟ್ಟು ಬಂದ್ವಿ. ಬ್ರೇಕ್ ಯಾಕೋ ಸರಿ ಇರ್ಲಿಲ್ಲ. ಮೆಕ್ಯಾನಿಕ್ಕಿಗೆ ತೋರಿಸಿ ಸೋಮವಾರ ತಂದುಬಿಡ್ತೀನಿ.”

ಸೋಮವಾರ! ಒಂದು ಜೀವ ಬಕೆಟ್ಟಿನಷ್ಟು ದೂರದಲ್ಲಿ ಉಳಿದಿತ್ತು, ಇವರಿಗೆ ಬ್ರೇಕು ಸರಿಯಿಲ್ಲವಂತೆ. ಆದರೆ ಅದು ಅವರ ಮನೆ, ಅವರ ಮಗಳು, ಅವರ ಫೋನು. ನನ್ನ ತಂದೆಯ ಮಾತು ಬಾಯಿಗೆ ಅಡ್ಡ ಬಂದು ನಿಂತಿತ್ತು. ಆ ಮಾತಿನ ಮೇಲೆ ನನಗೆ ಆ ಗಳಿಗೆಯಲ್ಲಿ ಬಂದಷ್ಟು ಸಿಟ್ಟು ಯಾವ ಮನುಷ್ಯನ ಮೇಲೂ ಬಂದಿಲ್ಲ. ಅಲ್ಲಿಗೇ ಬಿಡಬಾರದೆಂದು ತಟ್ಟೆ ಸರಿಸಿ ಏಳುತ್ತಿದ್ದೆ.

ತಂಗಿ ನನಗಿಂತ ಮೊದಲು ಎದ್ದಳು. ಸಾರು ಬಡಿಸುವ ಸೌಟು ಕೈಯಲ್ಲೇ ಇತ್ತು. ಇನ್ನೊಂದು ಕೈಯಿಂದ ಗಂಡನ ಕಿವಿಯ ಹತ್ತಿರದಿಂದ ಫೋನು ತೆಗೆದುಕೊಂಡಳು.

“ಬ್ರೇಕ್ ಸರಿಯಾಗಿದೆ ಕಣೇ. ಬ್ರೇಕಿದ್ದಿದ್ದಕ್ಕೇ ಆತ ಬದುಕಿದ. ಅಪ್ಪನಿಗೆ ಕಣ್ಣು ಕಾಣಲ್ಲ. ಇಷ್ಟು ದಿನ ನಾನು ಹೇಳ್ತಿದ್ದೆ, ಇವರು ಓಡಿಸ್ತಿದ್ರು. ಇನ್ನು ಹೇಳಲ್ಲ... ಹಾಂ. ಬಾ. ನೀನೇ ಬಂದು ಕಾರು ತಂದುಕೊಡು.”

ಫೋನು ಇಟ್ಟಳು. ಬಂದು ಕುಳಿತು, “ಸಾರು ಇನ್ನೊಂದು ಸ್ವಲ್ಪ ಹಾಕ್ಲಾ?” ಎಂದು ಗಂಡನನ್ನು ಕೇಳಿದಳು. ಅವಳು ಹಾಕಿದಳು. ಅವರು ತಿಂದರು.

ಊಟವಾದ ಮೇಲೆ ಅಳಿಯಂದಿರು ಜೇಬಿನಿಂದ ಕಾರಿನ ಕೀ ತೆಗೆದು ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟರು. ಇಟ್ಟರು ಎನ್ನುವುದಕ್ಕಿಂತ ಕುಕ್ಕಿದರು. “ತಗೊಳ್ಳಿ ಕಂಟ್ರೋಲರ್ ಸಾಹೇಬ್ರೇ. ಡ್ಯೂಟಿ ಆಫ್ ಬರ್ಕೊಳ್ಳಿ. ಇನ್ನು ಊರಿಂದ ಬರೋರನ್ನ ನೀವೇ ಕರ್ಕೊಂಡು ಬನ್ನಿ.”

“ಡಿಪೋದಲ್ಲಿ ಕಂಟ್ರೋಲರ್ ಕೀ ಇಟ್ಕೊಳ್ಳಲ್ಲ” ಎಂದೆ. “ಮುಂದಿನ ಡ್ಯೂಟಿಯವರಿಗೆ ಕೊಡ್ತಾನೆ.” ಕೀಯನ್ನು ಮೇಜಿನ ಮೇಲೆ ತಂಗಿಯ ಕಡೆಗೆ ತಳ್ಳಿದೆ.

“ಈ ವಯಸ್ಸಿಗೆ ಇವಳು ಕಲೀತಾಳಂತೆ!” ಎಂದರು ಅಳಿಯಂದಿರು.

“ರಸ್ತೆ ನೋಡೋದು ಬರತ್ತೆ” ಎಂದಳು ತಂಗಿ. “ಇನ್ನು ಕೈಕಾಲಿಗಷ್ಟೇ ಕಲಿಸಬೇಕು.” ಕೀ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಅಳಿಯಂದಿರು ಎದ್ದು ಕೋಣೆಗೆ ಹೋದರು. ನಾನು ಅಲ್ಲಿದ್ದ ಉಳಿದ ದಿನಗಳಲ್ಲಿ ಅವರು ನನ್ನೊಡನೆ ಮಾತಾಡಲಿಲ್ಲ, ಪರ್ತ್‌ಗೆ ಹೊರಟಾಗ ಬಾಗಿಲವರೆಗೂ ಬರಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಕೇಳುವಂಥದ್ದೇನೂ ನನಗೆ ಇವತ್ತಿಗೂ ಕಂಡಿಲ್ಲ.

ಆ ರಾತ್ರಿ ತಂಗಿ ಅಡುಗೆಮನೆ ಒರೆಸಿದಳು, ಬುತ್ತಿಯ ಡಬ್ಬಿಗಳನ್ನು ನಾನು ತೊಳೆದೆ. ಮುಟ್ಟದೆ ಉಳಿದಿದ್ದ ಮೊಸರನ್ನ ಹುಳಿಯಾಗಿತ್ತು, ಹಿತ್ತಲಿನ ಗಿಡದ ಬುಡಕ್ಕೆ ಹಾಕಿದೆ. ಡಬ್ಬಿಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಬಟ್ಟೆಯ ಮೇಲೆ ಬೋರಲು ಹಾಕಿದೆ. ಫ್ಲಾಸ್ಕಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟೆ. ದೀಪ ಆರಿಸಿದೆ.